ಜಾಗ ಬಿಟ್ಟ ಬಲೆಗುಂಡು

ಕಾಲು ಮಡಚಿ ಕೂತುಕೊಳ್ಳಿ ಮಕ್ಕಳೇ, ಕಿವಿ ಇತ್ತ ಕೊಡಿ. ಕಡಲದಂಡೆಯ ದಿಬ್ಬದೊಳಗೆ, ಹಳೇ ಕಾಲದ ಮೀನುಗಾರರ ಒಲೆಯ ಬೂದಿಯಲ್ಲಿ, ಅವರ ಬಲೆಯ ಕಲ್ಲುಗುಂಡೂ ಅವರು ತಿಂದು ಬಿಸಾಕಿದ ಚಿಪ್ಪೂ ಹೂತಿದ್ದವು. ಒಂದು ದಿನ ಹಳೇ ಕಾಲದ ಕುರುಹು ಹುಡುಕಿ ಅಗೆಯುವವರ ಕುಂಚ ಮೆಲ್ಲಗೆ ಮಣ್ಣು ಸವರುತ್ತ ಬಂತು.

"ಅಲುಗಬೇಡಿ. ನೀವು ಯಾರ ಮನೆಯವರೆಂದು ಲೋಕಕ್ಕೆ ಹೇಳುತ್ತೇನೆ," ಎಂದಿತು ಕುಂಚ.

"ಬೆನ್ನು ಸವರುವವರನ್ನು ನಂಬಬಾರದು ಚಿಪ್ಪಕ್ಕ! ಗಾಳದ ಹುಳವೂ ಮೆತ್ತಗೇ ಇರುತ್ತದೆ," ಎಂದಿತು ಗುಂಡು.

"ಈ ಬೂದಿಯೇ ನಮಗೆ ಸಾಕ್ಷಿ. ಸುಮ್ಮನಿರು ಗುಂಡಣ್ಣ!" ಎಂದಿತು ಚಿಪ್ಪು.

ಗುಂಡು ಕೇಳಲಿಲ್ಲ, ಉರುಳಿ ಹೋಗಿ ದಡದ ಕಲ್ಲುರಾಶಿಯಲ್ಲಿ ಅವಿತುಕೊಂಡಿತು. ಚಿಪ್ಪನ್ನು ನೋಡಲು ಜನ ನೆರೆದಾಗ ಅಲ್ಲಿಂದಲೇ ಕೂಗಿತು: "ನಾನೂ ಆ ಮನೆಯವನೇ!"

"ಇಲ್ಲಿನ ಕಲ್ಲುಗಳೆಲ್ಲ ಹಾಗೇ ಹೇಳುತ್ತವೆ. ನಿನ್ನ ಬೂದಿ ಎಲ್ಲಿ?" ಎಂದಿತು ಕುಂಚ.

ಚಿಪ್ಪು ವಸ್ತುಸಂಗ್ರಹಾಲಯದ ಗಾಜಿನ ಮನೆ ಸೇರಿತು, ಕುಂಚ ಇನ್ನೊಂದು ದಿಬ್ಬಕ್ಕೆ ಹೋಯಿತು. ಗುಂಡಿನ ಮೇಲೆ ಇವತ್ತಿಗೂ ಕಾಗೆ ಏಡಿ ಕುಕ್ಕಿ ತಿನ್ನುತ್ತದೆ.