ಆರು ಮಂಚಗಳ ಮನೆ

ನಾಗರಕೊಪ್ಪದ ದೇಸಾಯರದು ನಾಲ್ಕು ತಲೆಮಾರಿನಿಂದ ಆ ಸೀಮೆಯಲ್ಲಿ ಯಾರೂ ಬೆರಳು ತೋರಿಸದ ಮನೆತನ. ಪ್ಲೇಗು ಬಂದು ಊರು ಖಾಲಿಯಾದಾಗ ಮುತ್ತಜ್ಜ ತನ್ನ ವಾಡೆಯ ಬಾಗಿಲು ತೆರೆದು ರೋಗಿಗಳನ್ನು ಒಳಗೆ ಮಲಗಿಸಿದ. ಅಜ್ಜ ತನ್ನ ಬಾವಿಗೆ ನೀರಿಗೆ ಬಂದವರ ಜಾತಿ ಕೇಳುವುದನ್ನು ನಿಲ್ಲಿಸಿದ. ಸೋದರತ್ತೆ ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಸುತ್ತಲಿನ ಹಳ್ಳಿಗಳಲ್ಲಿ ಮೆಟ್ರಿಕ್ ಪಾಸಾದ ಮೊದಲ ಹೆಣ್ಣುಮಗಳು ಎನಿಸಿಕೊಂಡಳು. ಈ ಮನೆಯವರು ಕೊಟ್ಟ ಮಾತನ್ನು ಯಾರೂ ಎರಡನೆಯ ಸಲ ನೆನಪಿಸಬೇಕಾಗಿ ಬಂದಿಲ್ಲ. ಯಾರ ಮುಂದೆಯೂ ಅವರು ತಲೆ ತಗ್ಗಿಸಿ ನಿಂತದ್ದಿಲ್ಲ. ನಿಲ್ಲಬೇಕಾದಂಥ ಕೆಲಸ ಮಾಡಿದ್ದೂ ಇಲ್ಲ.

ಮಂದಾಕಿನಿ ದೇಸಾಯಿ ಆ ಮನೆಯ ಮಗಳು. ಅದೇ ಕಾನ್ವೆಂಟಿನಲ್ಲಿ ಓದಿದವಳು. ಮೂವತ್ತೊಂದು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆಗಿದ್ದವಳು. ಅವಳು ವಾರ್ಡಿಗೆ ಕಾಲಿಟ್ಟರೆ ಚಾದರದ ಸುಕ್ಕುಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂದು ನರ್ಸುಗಳು ಹೇಳಿ ನಗುತ್ತಿದ್ದರು. ಅದು ಅವಳಿಗೆ ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು.

ನಿವೃತ್ತಳಾದ ಮೇಲೆ ಅವಳು ಮಲಪ್ರಭೆಯ ದಡದ ಒಂದು ಆಶ್ರಮಕ್ಕೆ ಬಂದಳು. ಅಲ್ಲಿ ಮಹಾಂತಮ್ಮ ಎಂಬ ಮುದುಕಿ ಇದ್ದಳು. ಎಲ್ಲರೂ ಆಕೆಯನ್ನು ತಾಯಿ ಎನ್ನುತ್ತಿದ್ದರು. ಇನ್ನು ಮಾಡುವುದೇನೂ ಇಲ್ಲ ಎಂದು ವೈದ್ಯರು ಕೈಬಿಟ್ಟವರು ಅಲ್ಲಿನ ಹನ್ನೆರಡು ಮಂಚಗಳಲ್ಲಿ ಕೊನೆಯ ದಿನಗಳನ್ನು ಕಳೆಯುತ್ತಿದ್ದರು.

"ನಿಮ್ಮ ಶಿಷ್ಯೆಯಾಗಲು ಬಂದಿದ್ದೇನೆ," ಎಂದಳು ಮಂದಾಕಿನಿ.

"ಏನ್ ಕಲೀಬೇಕಂತಿ?"

"ಕಲಿಯುವುದು ಬಹಳ ಉಳಿದಿಲ್ಲ."

ತಾಯಿ ನಕ್ಕಳು. "ಹಂಗಾರ ಇರು."

ಎರಡು ವರ್ಷ ಕಳೆಯಿತು. ಹನ್ನೆರಡು ಮಂಚಗಳ ಉಸ್ತುವಾರಿ ಮಂದಾಕಿನಿಯ ಕೈಗೆ ಬಂತು. ಎಂಟಕ್ಕೆ ಗಂಜಿ, ಒಂಬತ್ತಕ್ಕೆ ಔಷಧಿ, ಹತ್ತಕ್ಕೆ ಮೈ ಒರೆಸುವುದು. ಒಂದು ನಿಮಿಷ ಹಿಂದೆ ಮುಂದೆ ಆಗುತ್ತಿರಲಿಲ್ಲ.

ಒಂದು ದಿನ ತಾಯಿ ಅವಳನ್ನು ಕರೆದಳು.

"ಹೊಳೀ ದಂಡಿ ಹಿಡಿದು ಮ್ಯಾಲಕ್ಕ ಒಂದು ಹರದಾರಿ ಹೋದ್ರ ಕಲ್ಲವ್ವನ ಮನಿ ಐತಿ. ಮೊದಲ ಆಕಿ ಸೂಲಗಿತ್ತಿ. ಬರೋವರನ್ನ ಎತ್ತಿಕೊಳ್ತಿದ್ದಾಕಿ, ಈಗ ಹೋಗೋವರನ್ನ ನೋಡ್ಕೋತಾಳ. ಆರು ಮಂಚ, ಐದು ಮಂದಿ."

"ಕೇಳಿದ್ದೇನೆ."

"ನಮ್ಮಂಥ ದೊಡ್ಡ ಆಶ್ರಮದ ಹೆಸರು ಬೆನ್ನಿಗಿಲ್ಲದ ಇದನ್ನ ನಡಸಂಗಿಲ್ಲ ಅಂತ ಸರ್ಕಾರದವರು ಕೂತಾರ. ಐದೂ ಮಂದೀನ್ನ ಪ್ಯಾಟೀ ದವಾಖಾನಿಗೆ ಒಯ್ತಾರಂತ. ನಮ್ಮ ಹೆಸರು ಕೊಡ್ರಿ ಅಂತ ಕಲ್ಲವ್ವ ಕೇಳ್ಯಾಳ. ನೀ ಹೋಗಿ ನೋಡಿ ಬಾ. ಛಲೋ ಅಂದ್ರ ಕೊಡೂಣು. ಅಲ್ಲ ಅಂದ್ರ ಮುಚ್ಚಲಿ. ನಿನ್ನ ಮಾತೇ ಕಡೀ ಮಾತು."

ಮಂದಾಕಿನಿ ಅಂದೇ ಹೊರಟಳು. ಇಸ್ತ್ರಿ ಮಾಡಿದ ಬಿಳಿ ಸೀರೆ, ಕೈಯಲ್ಲಿ ಒಂದು ನೋಟ್‌ಬುಕ್ಕು.

ಕಲ್ಲವ್ವ ಬಾಗಿಲಲ್ಲೇ ಎದುರಾದಳು. "ಬರ್ರಿ ಅಕ್ಕಾರ. ನೋಡ್ರಿ. ಮುಚ್ಚಿಡೂದೇನಿಲ್ಲ."

"ರಿಜಿಸ್ಟರ್ ಎಲ್ಲಿ?"

"ಐದು ಮಂದಿ ಅದಾರ್ರಿ. ಹೆಸರು ಮರೀತೀನೇನು?"

"ಗೋಡೆ ಗಡಿಯಾರ ನಿಂತಿದೆ."

"ನಿಂತದ್ದಲ್ರಿ. ನಿಲ್ಸಿದ್ದು."

ಮಂದಾಕಿನಿಗೆ ಅದು ಉದ್ಧಟತನವೆನಿಸಿತು. ಸ್ಟೂಲು ಎಳೆದು, ಹತ್ತಿ, ಗಡಿಯಾರಕ್ಕೆ ಕೀಲಿ ಕೊಟ್ಟಳು. ಅದು ಟಿಕ್ ಟಿಕ್ ಎನ್ನತೊಡಗಿತು. ಕಲ್ಲವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಒಳಗೆ ಯಾರೋ ನರಳಿದರು. ಅವಳು ಅತ್ತ ಓಡಿದಳು.

ಮೊದಲ ಮಂಚದಲ್ಲಿ ಅಡಿವೆಪ್ಪ ಎಂಬ ಮುದುಕ ಮಲಗಿದ್ದ. ಚಾದರದ ತುಂಬ ಎಲೆಯಡಿಕೆಯ ಕೆಂಪು ಕಲೆ. ಮಂದಾಕಿನಿ ಅಲ್ಲಿ ಕೆಲಸಕ್ಕಿದ್ದ ಇಬ್ಬರು ಆಯಾಗಳನ್ನು ಕರೆದು, ಅವನನ್ನು ಎತ್ತಿಸಿ, ಚಾದರ ಬದಲಾಯಿಸಿದಳು. ಅವನು ತುಟಿ ಕಚ್ಚಿಕೊಂಡ.

"ಎರಡು ನಿಮಿಷದ ನೋವು. ಆಮೇಲೆ ಶುಚಿ," ಎಂದಳು ಅವಳು.

ಮೂರನೆಯ ಮಂಚದಲ್ಲಿ ಫಕೀರವ್ವ ಎಂಬ ಮುದುಕಿ. ಮುಂದೆ ಸ್ಟೂಲಿನ ಮೇಲೆ ಬಿಸಿ ನುಚ್ಚಿನ ತಾಟು. ಹಬೆ ಏಳುತ್ತಿತ್ತು. ಮುದುಕಿ ಅದನ್ನು ನೋಡುತ್ತಿದ್ದಳು. ಉಣಿಸುವವರು ಹತ್ತಿರ ಯಾರೂ ಇರಲಿಲ್ಲ.

ಮಂದಾಕಿನಿಗೆ ಸಿಟ್ಟು ಬಂತು. ಅವಳು ಕೂತು ಚಮಚ ಎತ್ತಿದಳು. ಫಕೀರವ್ವ ಬಾಯಿ ಬಿಗಿ ಹಿಡಿದಳು. ಗಲ್ಲದ ಎರಡೂ ಬದಿ ಬೆರಳಿಟ್ಟು ಒತ್ತಿದರೆ ಬಾಯಿ ತೆರೆಯುತ್ತದೆ ಎಂಬುದು ಮಂದಾಕಿನಿಯ ಕೈಗೆ ಗೊತ್ತಿತ್ತು. ಒತ್ತಿದಳು. ಎರಡು ಚಮಚ ಒಳಗೆ ಹೋಯಿತು. ಮುದುಕಿಯ ಕಣ್ಣಂಚಿನಿಂದ ನೀರು ಇಳಿಯಿತು. ಅದನ್ನು ಶುಭ್ರವಾದ ಕರವಸ್ತ್ರದಿಂದ ಒರೆಸಿದಳು.

ಕಲ್ಲವ್ವ ಮರಳಿ ಬಂದು ನೋಡಿದಳು. "ಏನ್ ಮಾಡಿದ್ರಿ ಅಕ್ಕಾರ?"

"ನೀನು ಮಾಡಬೇಕಾಗಿದ್ದ ಕೆಲಸ."

ಕಲ್ಲವ್ವನ ಮುಖ ಕೆಂಪಾಯಿತು. ಬಾಗಿಲ ಕಡೆ ಕೈ ತೋರಿಸಿದಳು.

"ಹೊರಗ ನಡೀರಿ. ನಿಮ್ಮ ಹೆಸರು ನಮಗ ಬ್ಯಾಡ. ಮುಚ್ಚಿದ್ರ ಮುಚ್ಚಲಿ, ನಾ ಬೀದಿಯಾಗ ಕೂತು ನೋಡ್ಕೋತೀನಿ ಇವರನ್ನ. ನಡೀರಿ!"

ಮಂದಾಕಿನಿಯೊಂದಿಗೆ ಆ ದನಿಯಲ್ಲಿ ಯಾರೂ ಮಾತಾಡಿದ್ದಿಲ್ಲ. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದು ಬಂದಳು.

"ನಪಾಸು," ಎಂದು ತಾಯಿಯ ಮುಂದೆ ನೋಟ್‌ಬುಕ್ಕು ಇಟ್ಟಳು. "ರಿಜಿಸ್ಟರ್ ಇಲ್ಲ. ಗಡಿಯಾರ ನಿಲ್ಲಿಸಿಟ್ಟಿದ್ದರು. ಚಾದರ ಹೊಲಸು. ಮುದುಕಿಯ ಮುಂದೆ ಊಟ ಆರಿಹೋಗುತ್ತಿತ್ತು. ನಾನೇ ಉಣಿಸಿದೆ."

"ಯಾರನ್ನ ಕೇಳಿದಿ?"

"ಕಣ್ಣಿಗೆ ಕಂಡದ್ದಕ್ಕೆ ಯಾರನ್ನು ಕೇಳಬೇಕು?"

"ಮಲಗಿದವರನ್ನ."

"ಕ್ಷೇಮವೇ, ಚೆನ್ನಾಗಿ ನೋಡಿಕೊಳ್ಳುತ್ತಾರೆಯೇ ಎಂದು ಮಲಗಿದವರನ್ನು ಕೇಳಿ ಪ್ರಯೋಜನವಿಲ್ಲ, ತಾಯಿ. ರಾತ್ರಿ ನೀರು ಕೊಡಬೇಕಾದವಳು ಎದುರಿಗೆ ನಿಂತಿರುತ್ತಾಳೆ. ಎಲ್ಲರೂ ಛಲೋ ಎಂದೇ ಹೇಳುತ್ತಾರೆ. ಆ ಉತ್ತರವನ್ನು ನಾನು ಎಂದೂ ನಂಬಿದವಳಲ್ಲ."

ತಾಯಿ ತಲೆದೂಗಿದಳು. "ಇದು ಖರೆ. ಈ ಮಾತಿಗೆ ನಿನ್ನನ್ನ ಮೆಚ್ಚಿದೆ. ಹಂಗಾರ ಕೇಳಬ್ಯಾಡ. ಹೋಗಿ ಮಲಕ್ಕೊ."

"ಎಲ್ಲಿ?"

"ಆರನೇ ಮಂಚ ಖಾಲಿ ಐತಿ."

"ನಾನು? ಸಾಯುವವರ ಮಂಚದ ಮೇಲೆ?"

"ನಿನಗ ಬ್ಯಾರೆ ಮಂಚ ಮಾಡಿಸಿ ಇಟ್ಟಾರೇನು?"

"ನಾಗರಕೊಪ್ಪದ ದೇಸಾಯರ ಮಗಳನ್ನು ಅವಳು ಬಾಗಿಲಿಂದ ಆಚೆ ಹಾಕಿದ್ದಾಳೆ. ಮತ್ತೆ ಅದೇ ಬಾಗಿಲಿಗೆ ಹೋಗುವುದಿಲ್ಲ."

"ನಿಂತಾಕೀನ್ನ ಆಚೆ ಹಾಕ್ಯಾಳ. ಮಲಗಿದವರನ್ನ ಆಕಿ ಯಾರನ್ನೂ ಆಚೆ ಹಾಕಿದ್ದಿಲ್ಲ."

ಮಂದಾಕಿನಿ ಒಂದು ದಿನ ತನ್ನ ಹನ್ನೆರಡು ಮಂಚಗಳ ಕೆಲಸದಲ್ಲೇ ಕಳೆದಳು. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವುದು ಅವಳಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಹೊರಟಳು.

ಕಲ್ಲವ್ವ ಬಾಗಿಲಿಗೆ ಅಡ್ಡ ನಿಂತಳು. "ಮತ್ತ್ಯಾಕ ಬಂದ್ರಿ?"

"ಮಲಗಲು."

ಕಲ್ಲವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದಳು.

ಮಂದಾಕಿನಿ ಆರನೆಯ ಮಂಚದ ಮೇಲೆ ಪರೇಡಿನಲ್ಲಿ ನಿಂತವರ ಹಾಗೆ ಮಲಗಿದಳು. ಮಲಗಿ ನೋಡಿದರೆ ಮನೆ ಬೇರೆಯಾಗಿತ್ತು. ತೊಲೆಗಳು ಕಂಡವು. ಓಡಾಡುವವರ ಗಲ್ಲ, ಮೂಗಿನ ಹೊಳ್ಳೆ ಕಂಡವು. ಅವಳು ಮೂವತ್ತೊಂದು ವರ್ಷ ಜನರಿಗೆ ತೋರಿಸಿದ್ದು ಇದನ್ನೇ.

ಕಲ್ಲವ್ವ ಬಂದಳು. ನಿಂತು ಮಾತಾಡಲಿಲ್ಲ. ಮಣೆ ಹಾಕಿಕೊಂಡು ಕೆಳಗೆ ಕೂತಳು. ಈಗ ಅವಳ ಮುಖ ಮಂಚಕ್ಕಿಂತ ಕೆಳಗಿತ್ತು.

"ಏನ್ ಬ್ಯಾಡ ನಿಮಗ?"

"ಏನು ಬೇಕು ಎಂದು ಕೇಳಬೇಕು," ಎಂದು ಮಂದಾಕಿನಿ ತಿದ್ದಿದಳು.

"ಏನ್ ಬೇಕು ಅಂತ ಕೇಳಿದ್ರ ಇವರು ಕೇಳೂದು ನನ್ನ ಕಡೆ ಇಲ್ರಿ. ಒಬ್ಬಾಕಿ ಸತ್ತ ಮಗನ್ನ ಕೇಳ್ತಾಳ. ಒಬ್ಬಾಂವ ಕಾಲು ಕೇಳ್ತಾನ. ಎಲ್ಲಿಂದ ತರ್ಲಿ? ಬ್ಯಾಡಾದ್ದನ್ನ ತಗ್ಯೂದು ಮಾತ್ರ ನನ್ನ ಕೈಲೆ ಆಕ್ಕೈತಿ. ಹೇಳ್ರಿ, ಏನ್ ಬ್ಯಾಡ?"

"ಏನೂ ಇಲ್ಲ."

"ಹೊಳೆದಾಗ ಹೇಳ್ರಿ."

ಮಣೆ ಹಿಡಿದು ಕಲ್ಲವ್ವ ಅಡಿವೆಪ್ಪನ ಹತ್ತಿರ ಹೋದಳು.

"ಗಡಿಯಾರ ನಿಂದ್ರಿಸೀನಿ, ಯಪ್ಪಾ. ಮತ್ತೇನ್ ಬ್ಯಾಡ?"

"ಆ ಟಿಕ್ ಟಿಕ್ ಹೋತಲ್ಲ, ಅಷ್ಟು ಸಾಕು. ಇದ್ದ ನಾಕು ದಿನಾನೂ ಎಣಿಸಿ ಎಣಿಸಿ ಕೊಟ್ಟಂಗ ಆಗಿತ್ತು." ಅಡಿವೆಪ್ಪ ಉಸಿರೆಳೆದುಕೊಂಡ. "ಇವತ್ತ ನನ್ನ ಎತ್ತಬ್ಯಾಡ್ರಿ. ಮೊನ್ನೆ ಎತ್ತಿದ್ದು ಬೆನ್ನು ಇನ್ನೂ ಉರಿತೈತಿ."

"ಎಲಿ ಅಡಿಕಿ ಕುಟ್ಟಿ ತಂದೀನಿ. ಚಾದರಕ್ಕ ಕಲಿ ಆಗತೈತಿ, ನೋಡು."

"ಆಗ್ಲಿ. ನಾನೇನ್ ಮದಿವಿಗೆ ಹೊಂಟೀನೇನು? ಆದ್ರ ಆ ಮೇಟ್ರನ್ ಅಕ್ಕಾರು ಮಾತ್ರ ಮತ್ತ ಬ್ಯಾಡವ್ವಾ."

"ಆಕೀನೂ ಆ ಮಂಚದಾಗ ಮಲಗ್ಯಾಳೋ, ಯಪ್ಪಾ."

ಅಡಿವೆಪ್ಪ ಕಷ್ಟಪಟ್ಟು ಕಣ್ಣು ಹೊರಳಿಸಿ ಆರನೆಯ ಮಂಚ ನೋಡಿದ. "ಅಯ್ಯ ಶಿವನ! ಆಕೀಗೂ ಬಂತೇನು?"

ಎಲ್ಲ ಮಂಚಗಳಿಂದಲೂ ನಗು ಎದ್ದಿತು. ಸಣ್ಣ, ಒಡೆದ, ಉಸಿರು ಸಾಲದ ನಗು. ಮಂದಾಕಿನಿ ತೊಲೆಯನ್ನೇ ನೋಡುತ್ತ ಮಲಗಿದಳು. ಅವಳ ಹನ್ನೆರಡು ಮಂಚಗಳಿಂದ ಅಂಥ ಸದ್ದನ್ನು ಅವಳು ಕೇಳಿದ್ದಿಲ್ಲ.

ಆದರೂ ಅವಳು ಸುಲಭಕ್ಕೆ ಬಿಟ್ಟುಕೊಡುವವಳಲ್ಲ. ಒಬ್ಬರು ನರಳಿದ ಮೇಲೆ ಮತ್ತೊಬ್ಬರು ಬಂದು ಮುಟ್ಟುವ ತನಕ ತನ್ನ ಉಸಿರುಗಳನ್ನು ಎಣಿಸಿದಳು. ಒಮ್ಮೆಯೂ ಹತ್ತು ದಾಟಲಿಲ್ಲ. ನೋವಿನ ಔಷಧಿಯ ಹೊತ್ತು ನೋಡಿದಳು. ಕಲ್ಲವ್ವ ಸೊಂಟಕ್ಕೆ ಸಿಗಿಸಿದ ಕೈಗಡಿಯಾರ ತೆಗೆದು ನೋಡಿ, ಹನಿ ಎಣಿಸಿ ಹಾಕಿದಳು. ಒಂದು ಹನಿ ತಪ್ಪಲಿಲ್ಲ. ಯಾರ ಮೈಗೂ ಹೇಳದೆ ಕೈ ಹಚ್ಚಲಿಲ್ಲ. ಇನ್ನೊಬ್ಬ ಮುದುಕನನ್ನು ಅವನು ಹ್ಞೂಂ ಅಂದ ಮೇಲೆಯೇ ಮಗ್ಗುಲಿಗೆ ಹೊರಳಿಸಿದರು. ಅವನ ಬೆನ್ನು ಅವಳ ಕಣ್ಣಿಗೆ ಬಿತ್ತು. ಆರು ತಿಂಗಳು ಮಲಗಿದವನ ಬೆನ್ನಿನ ಮೇಲೆ ಒಂದೇ ಒಂದು ಹುಣ್ಣಿರಲಿಲ್ಲ.

ಮಧ್ಯಾಹ್ನ ಕಲ್ಲವ್ವ ಬಿಸಿ ನುಚ್ಚಿನ ತಾಟು ತಂದು ಫಕೀರವ್ವನ ಮುಂದೆ ಇಡಲು ಬಂದಳು.

ಫಕೀರವ್ವ ಗೋಡೆಯ ಕಡೆ ಹೊರಳಿದಳು. "ತಾಟೂ ಬ್ಯಾಡ."

"ವಾಸನಿಯಷ್ಟೇ ಅವ್ವಾ. ಯಾರೂ ಉಣಿಸೂದಿಲ್ಲ."

"ಬ್ಯಾಡಂದ್ರ ಬ್ಯಾಡ."

ಕಲ್ಲವ್ವ ತಾಟು ಹಿಡಿದು ಮರಳಿದಳು. ಆರನೆಯ ಮಂಚದ ಮುಂದೆ ಬಂದಾಗ ಮಂದಾಕಿನಿ ತಡೆದಳು.

"ಅವಳಿಗೆ ಏನಾಗಿದೆ?"

ಕಲ್ಲವ್ವ ದನಿ ತಗ್ಗಿಸಿದಳು. "ನಲವತ್ತು ವರ್ಷ ಹಾಸ್ಟೆಲ್ಲಿನ್ಯಾಗ ಅಡಗಿ ಮಾಡಿದಾಕಿ ರೀ. ಗಂಟಲಾಗ ಗಡ್ಡಿ ಐತಿ, ನುಂಗಾಕ ಬರಂಗಿಲ್ಲ. ಉಣ್ಣೂದು ಬ್ಯಾಡ, ಬಿಸೀ ತಾಟು ಮುಂದಿರ್ಲಿ, ವಾಸನಿ ನೋಡ್ತೀನಿ ಅಂದಿದ್ಲು. ದಿನಾ ಇಡ್ತಿದ್ದೆ. ನೋಡಿ ನೋಡಿ, ಉಪ್ಪು ಕಡಿಮಿ ಐತಿ ಅಂತ ವಾಸನಿಮ್ಯಾಗ ಹೇಳಾಕಿ. ಅದೊಂದ ಉಳಿದಿತ್ತು ರೀ ಆಕೀಗೆ."

"ಯಾವಾಗಿನಿಂದ ಬೇಡವೆನ್ನುತ್ತಿದ್ದಾಳೆ?"

"ಮೊನ್ನೆಯಿಂದ. ನೀವು ಹೋದ ಮ್ಯಾಲ ಇಡೀ ದಿನ ಕೆಮ್ಮಿದ್ಲು. ಈಗ ತಾಟು ಕಂಡ್ರ ಹೆದರ್ತಾಳ."

ಮಂದಾಕಿನಿ ಸಂಜೆಯವರೆಗೆ ಮಲಗಿಯೇ ಇದ್ದಳು. ಆಮೇಲೆ ಎದ್ದು, ತಾನು ಮಲಗಿದ ಚಾದರದ ಸುಕ್ಕು ತೆಗೆದು, ಹೊರಟಳು.

ಆಶ್ರಮಕ್ಕೆ ಬಂದವಳೇ ನೋಟ್‌ಬುಕ್ಕು ತೆರೆದು, ಹಿಂದೆ ಬರೆದದ್ದನ್ನು ಹೊಡೆದು ಹಾಕಿ, ಫಕೀರವ್ವನಿಗೆ ಆದದ್ದನ್ನೂ ಬಿಡದೆ ಮತ್ತೆ ಬರೆದು ತಾಯಿಯ ಕೈಗೆ ಕೊಟ್ಟಳು.

"ಕಲ್ಲವ್ವನ ಮನೆ ಪಾಸು. ನಾನು ನೋಡಿದವುಗಳಲ್ಲಿ ಅಂಥ ಮನೆ ಇನ್ನೊಂದಿಲ್ಲ. ಅದನ್ನು ಮುಚ್ಚಲು ಬಂದವರು ಮೊದಲು ನನ್ನನ್ನು ದಾಟಿ ಹೋಗಬೇಕು."

"ಹೆಸರು ಕೊಟ್ಟೆ," ಎಂದಳು ತಾಯಿ. ಸಹಿ ಮಾಡಿದಳು. "ಇನ್ನ ಅದೇ ಅಳತಿಲೆ ನಮ್ಮ ಮನೀನೂ ಅಳಿ. ಹನ್ನೆರಡು ಮಂಚದಾಗ ಯಾರಿಗೆ ಏನ್ ಬ್ಯಾಡ, ಹೇಳು."

ಹನ್ನೆರಡು ಜನರ ನಾಡಿ, ಔಷಧಿ, ಮಲಮೂತ್ರದ ಲೆಕ್ಕ ಎಲ್ಲವೂ ಮಂದಾಕಿನಿಗೆ ಬಾಯಿಪಾಠ. ಇದೊಂದು ಗೊತ್ತಿರಲಿಲ್ಲ. ಅವಳು ನೋಟ್‌ಬುಕ್ಕು ತೆಗೆದುಕೊಂಡು, ಇನ್ನೊಂದು ಪುಟದಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದಳು: ನಪಾಸು. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿದಳು.

"ನಾಳೆ ಬೆಳಿಗ್ಗೆಯಿಂದ ಒಬ್ಬೊಬ್ಬರನ್ನೇ ಕೇಳುತ್ತೇನೆ. ಹೇಗೆ ಕೇಳಬೇಕೆಂದು ಕಲಿಸಲು ಕಲ್ಲವ್ವನನ್ನು ಕರೆಸುತ್ತೇನೆ."

"ಆತು. ಫಕೀರವ್ವಗ ಏನ್ ಹೇಳ್ತಿ?"

"ನಾನು ಅವಳಿಗೆ ಕೆಟ್ಟದ್ದನ್ನು ಬಯಸಿರಲಿಲ್ಲ."

"ಹೌದು."

"ನಾನು ಹಾಗೆ ಬಾಯಿ ತೆರೆಸಿ ಉಣಿಸಿದವರಲ್ಲಿ ನೂರಾರು ಜನ ಎದ್ದು ನಡೆದು ಮನೆಗೆ ಹೋಗಿದ್ದಾರೆ."

"ಅದೂ ಹೌದು."

"ಅವಳ ಗಂಟಲಿನ ಗಡ್ಡೆಯ ವಿಷಯ ನನಗೆ ಯಾರೂ ಹೇಳಲಿಲ್ಲ."

ತಾಯಿ ತಲೆ ಎತ್ತಿ ಅವಳನ್ನು ನೋಡಿದಳು.

"ನಾನು ಕೇಳಲಿಲ್ಲ," ಎಂದಳು ಮಂದಾಕಿನಿ. ಆಮೇಲೆ ದನಿ ಏರಿಸಿದಳು. "ಈಗ ಹೋದರೆ ಅವಳು ತಿರುಗಿಯೂ ನೋಡುವುದಿಲ್ಲ. ಐದು ಜನರ ಎದುರಿಗೆ, ಆ ಮುದುಕ ನಗುತ್ತಿರುವಾಗ, ಹೋಗಿ ಏನೆಂದು ಹೇಳಲಿ? ಪದ್ಧತಿ ಹೀಗಿತ್ತು ಎನ್ನಲೇ? ಯಾಕೆ ಹಾಗೆ ಮಾಡಿದೆ ಎಂದು ವಿವರಿಸಲೇ?"

"ಕಾರಣ ಎಲ್ಲಾ ಇಲ್ಲೇ ಇಟ್ಟು ಹೋಗು. ಕ್ಷಮಾ ಕೇಳು."