ಅರಮನೆಯ ಕಿಟ್ಟೂ ನೀಲಿ ಕೈಯೂ

ಡಂಗುರ ಹೊಡೆದದ್ದು ಹೀಗೆ: "ಕೇಳ್ರಪ್ಪೋ ಕೇಳಿ. ಅರಮನೆಯ ಅಕ್ವೇರಿಯಂನಲ್ಲಿ ಮೀನು ಸಾಯ್ತಿವೆ. ನೀರು ಪರೀಕ್ಷಿಸುವ ಕಿಟ್ಟಿನಲ್ಲಿ ನೋಡಿದರೆ ಕೊಳೆತದ್ದೇನೂ ಇಲ್ಲ. ಆದ್ದರಿಂದ ತಪ್ಪು ನೀರಿಗೆ ಬಣ್ಣ ಬಿಡುವ ಬಣ್ಣಗಾರರ ಕೇರಿಯದು ಎಂದು ಮಹಾರಾಜರ ಅಂದಾಜು. ರಾಜಕುಮಾರಿ ಶಫರಿಗೆ ಮಾತ್ರ ಕಿಟ್ಟಿನ ಮೇಲೇ ಅನುಮಾನ. ಅವರ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ. ತಪ್ಪಿದವನಿಗೆ ಸಂಜೆ ತಲೆ ಇರೋದಿಲ್ಲ. ನಾಳೆ ಮಧ್ಯಾಹ್ನದೊಳಗೆ ಯಾರೂ ಬಿಡಿಸದಿದ್ದರೆ ಕೇರಿಯಲ್ಲಿ ಬಟ್ಟೆಗೆ ಬಣ್ಣ ಅದ್ದುವ ಬಾನಿಗಳನ್ನೆಲ್ಲ ಒಡೆದುಹಾಕಲಾಗುವುದು."

ಕಿಟ್ ಅಂದರೆ ಮಹಾ ಏನಲ್ಲ. ಗಾಜಿನ ಕೊಳವೆಯಲ್ಲಿ ಮೀನಿನ ತೊಟ್ಟಿಯ ನೀರು, ಅದಕ್ಕೆ ಬಾಟಲಿಯಿಂದ ಹತ್ತು ಹನಿ ಮದ್ದು, ಬಂದ ಬಣ್ಣವನ್ನು ಒಂದು ಚೀಟಿಯ ಜೊತೆ ಹೋಲಿಸಿ ನೋಡೋದು. ಹಳದಿ ಬಂದರೆ ಕ್ಷೇಮ, ಹಸಿರು ಬಂದರೆ ಏನೋ ಕೊಳೆತ ವಿಷ. ಮಂತ್ರಿಗಳು ದಿನಾ ದರ್ಬಾರಿನ ದೀಪದ ಕೆಳಗೆ ನೋಡಿ "ಹಳದಿ ಪ್ರಭು" ಅನ್ನುತ್ತಿದ್ದರು.

ಮರುದಿನ ಮೊದಲು ಬಂದವನು ಪಕ್ಕದ ದೇಶದ ಯುವರಾಜ.

ಶಫರಿ ಕೇಳಿದಳು, "ಅದೇ ಕೊಳವೆ, ಅದೇ ನೀರು. ದೀಪದ ಕೆಳಗೆ ಹಳದಿ, ಅಂಗಳದಲ್ಲಿ ಹಸಿರು. ನೀರು ಬದಲಾಗಿಲ್ಲ. ಮತ್ತೆ ಬದಲಾಗಿದ್ದೇನು?"

"ನೋಡುವವರ ಮನಸ್ಸು," ಅಂದ ಯುವರಾಜ, ಮೀಸೆ ತಿರುವುತ್ತಾ.

"ಪಕ್ಕಕ್ಕೆ ನಿಲ್ಲಿಸಿ."

ಆಮೇಲೆ ಮಂತ್ರಿ ಮಗ. "ನಮ್ಮಪ್ಪಾಜಿ ನೋಡಿದ್ದೇ ಸರಿ. ಅಂಗಳದಲ್ಲಿ ನೋಡಿದವರ ಕಣ್ಣಿಗೆ ರೋಗ," ಅಂದ. ಅವನೂ ಪಕ್ಕಕ್ಕೆ ಹೋದ.

ಮೂರನೆಯವನು ಕೊಟ್ರೇಶಿ, ಬಣ್ಣಗಾರರ ಹಾಲಮ್ಮನ ಮಗ. ಮೊಣಕೈ ತನಕ ನೀಲಿ.

"ಓದಿದ್ದೆಷ್ಟು?" ಮಂತ್ರಿ ಕೇಳಿದರು.

"ಮೂರನೇ ಕ್ಲಾಸು, ಬುದ್ಧಿಯೋರೇ. ಎರಡು ಸಲ."

ನಕ್ಕವರನ್ನು ಅವನು ನೋಡಲಿಲ್ಲ. ಅವ್ವನ ಬಾನಿ ಒಡೆದರೆ ಮನೇಲಿ ಉಳಿಯೋದು ಬರೀ ಒಲೆ.

"ಬದಲಾಗಿದ್ದು ಬೆಳಕು," ಅಂದ. "ದೀಪದ ಹಳದಿ ಎಲ್ಲದರ ಮೇಲೂ ಕೂರುತ್ತೆ. ನಮ್ಮವ್ವ ಬಟ್ಟೆ ಬಣ್ಣ ನೋಡೋದು ಬಿಸಿಲಲ್ಲೇ. ದೀಪದಲ್ಲಿ ನೋಡಿ ಗಿರಾಕಿಗೆ ಕೊಟ್ಟರೆ ಅದೇ ಬಟ್ಟೇಲಿ ಹೊಡೀತಾರೆ."

"ಎರಡನೆಯದು. ಬಾಟಲಿ ತುಂಬಿದೆ, ಹತ್ತು ಹನಿ ಅಂದರೆ ಹತ್ತೇ ಬೀಳುತ್ತೆ, ಆದರೂ ಮದ್ದು ಕೆಲಸ ಮಾಡಲ್ಲ. ಮದ್ದು ಎಲ್ಲಿ ಹೋಯಿತು?"

"ಎಲ್ಲೂ ಹೋಗಿಲ್ಲ ತಾಯಿ, ತಳದಲ್ಲಿ ಮಲಗಿದೆ. ಬಣ್ಣಾನೂ ಹಾಗೇ. ಕಲಕದೆ ಅದ್ದಿದರೆ ಸೀರೆ ಒದ್ದೆಯಾಗುತ್ತೆ, ಅಷ್ಟೇ. ಬಾಟಲಿ ಚೆನ್ನಾಗಿ ಅಲ್ಲಾಡಿಸಬೇಕು."

ಮಂತ್ರಿಗಳು ಕಿಟ್ಟಿನ ಬಾಟಲಿಯನ್ನು ಮೆಲ್ಲಗೆ ಶಾಲಿನೊಳಗೆ ಸರಿಸಿಕೊಂಡರು.

"ಕೊನೆಯದು. ಒಬ್ಬನೇ ಸಾಕ್ಷಿ. ನಿಜ ಹೇಳ್ತಾನೋ ಸುಳ್ಳೋ ಗೊತ್ತಿಲ್ಲ. ಕೇಳೋಕೆ ಇನ್ನೊಬ್ಬ ಸಾಕ್ಷಿ ಇಲ್ಲ. ಅವನನ್ನು ನಂಬೋದು ಹೇಗೆ?"

ಕೊಟ್ರೇಶಿ ತನ್ನ ನೀಲಿ ಕೈ ತಿರುಗಿಸಿ ನೋಡಿಕೊಂಡ. ತಲೆ ಕಡಿಯಲು ನಿಂತಿದ್ದ ಕೊಡಲಿಯವನು ಒಂದು ಹೆಜ್ಜೆ ಮುಂದೆ ಬಂದ.

"ನಮಗೆ ಮೊದಲೇ ಗೊತ್ತಿರೋದನ್ನ ಅವನ ಹತ್ರ ಕೇಳೋದು. ಹೊಸ ಬಾನಿಗೆ ಮೊದಲು ಚಿಂದಿ ಅದ್ದಿ ನೋಡ್ತೀವಲ್ಲ, ಹಾಗೆ. ಮಳೆನೀರು ತರಿಸಿ. ಕುದುರೆ ಲಾಯದ ಕೊಳೆತ ಗುಂಡಿ ನೀರೂ ಇರಲಿ. ಶಾಲಿನೊಳಗಿನ ಬಾಟಲಿ ಕೂಡ."

ಎಲ್ಲರೂ ಅಂಗಳಕ್ಕೆ ನಡೆದರು. ಕೊಟ್ರೇಶಿ ಬಾಟಲಿಯನ್ನು ಕೈ ಸೋಲುವ ತನಕ ಅಲ್ಲಾಡಿಸಿದ. ಮಳೆನೀರು ಹಳದಿಯಾಯಿತು. ಲಾಯದ ನೀರು ಕಡು ಹಸಿರಾಯಿತು, ವಾಸನೆ ಬೇರೆ. "ಈ ಕಿಟ್ ಅನ್ನೋ ಸಾಕ್ಷಿ ಸರಿಯಾಗೇ ಇದ್ದಾನೆ. ಕೇಳಿದವರು ಸರಿ ಇರಲಿಲ್ಲ," ಅಂದ. ಕೊನೆಗೆ ಅಕ್ವೇರಿಯಂ ನೀರು ಹಾಕಿದ. ಅದು ಲಾಯದ ನೀರಿಗೆ ತಮ್ಮನ ಹಾಗೆ ಹಸಿರಾಗಿ ಬಂತು.

"ಇದು ಹೊರಗಿಂದ ಬಂದ ಬಣ್ಣ ಅಲ್ಲ. ಒಳಗೇ ಕೊಳೆತ ಊಟ. ಮೀನಿಗೆ ಏನು ಹಾಕ್ತೀರಿ?"

ಮಹಾರಾಜರು ಕೈಯಲ್ಲಿದ್ದ ಒಬ್ಬಟ್ಟನ್ನು ಬೆನ್ನ ಹಿಂದೆ ಇಟ್ಟುಕೊಂಡರು.

"ಪಾಪ, ಅವಕ್ಕೆ ಇಷ್ಟ," ಅಂದರು.

ಬಾನಿಗಳು ಉಳಿದವು. ಕೊಟ್ರೇಶಿ ಕೇಳಿಕೊಂಡಿದ್ದರಿಂದ ಯುವರಾಜ, ಮಂತ್ರಿ ಮಗ ಇಬ್ಬರ ತಲೆಯೂ ಉಳಿಯಿತು. ತಲೆಯ ಮೇಲೆ ಬಿಂದಿಗೆ ಇಟ್ಟು, ತೊಟ್ಟಿಯ ನೀರು ಬದಲಾಯಿಸಲು ಕಳಿಸಿದರು.

ಶಫರಿ ಅವನ ಕೈ ನೋಡಿದಳು. "ಈ ನೀಲಿ ಹೋಗುತ್ತಾ?"

"ಇಲ್ಲ."

"ಬಿಸಿಲಲ್ಲಿ ನೋಡಿದರೆ?"

"ಇನ್ನೂ ಜಾಸ್ತಿ ಕಾಣುತ್ತೆ."

"ಇರಲಿ ಬಿಡು," ಅಂದಳು.

ಮದುವೆಯೂಟಕ್ಕೆ ಒಬ್ಬಟ್ಟು ಮಾಡಿದ್ದರು. ಮಹಾರಾಜರ ಪಕ್ಕದಲ್ಲಿ ಒಬ್ಬ ಕಾವಲುಗಾರನನ್ನು ಕೂರಿಸಿದ್ದರು.