ತೋಟಕ್ಕೆ ಹೋದವಳು

ಹೊಳೆದಂಡೆಯ ಆಶ್ರಮದಲ್ಲಿ ಹೊಂಬಾಳಮ್ಮ ಎಂಬ ಗುರು ಇದ್ದರು. ತೋಟದಲ್ಲಿಡುವ ಮಣ್ಣಿನ ಕೊಕ್ಕರೆ, ಆಮೆ, ಹೂವಿನ ಕುಂಡ, ಹಕ್ಕಿಗೆ ನೀರಿಡುವ ಬಟ್ಟಲು ಮಾಡುವುದು ಅವರ ಕಾಯಕ. ಕಲಿಯಲು ಬಂದವರು ಬಹಳ ಮಂದಿ, ನಿಂತವರು ಕಡಿಮೆ.

ಚಿಕ್ಕೀರಯ್ಯ ನಿಂತ. ಹೋಗಲು ಅವನಿಗೆ ಬೇರೆ ಜಾಗವಿರಲಿಲ್ಲ. ಹೆಂಡತಿ ಸಾಕಮ್ಮ ತೀರಿಕೊಂಡ ವರ್ಷ, ತಲೆ ನರೆತ ಮೇಲೆ, ಮಣ್ಣು ತುಳಿಯಲು ಬಂದವನು ಅವನು.

ಎರಡು ವರ್ಷ ಕುಂಡ ಮಾಡಿದ. ಮೂರನೆಯ ವರ್ಷ, ಯಾರೂ ಹೇಳದೆ, ಒಬ್ಬ ಹೆಂಗಸನ್ನು ಮಾಡಿದ. ಕೂತ ಭಂಗಿ, ಮೊಣಕಾಲೆತ್ತರ.

ಕುಂಡ ಸುಡುವ ಆವಿಗೆಯ ಬೆಂಕಿಯಲ್ಲಿ ಅದು ಸಿಡಿದು ಚೂರಾಯಿತು. ಇನ್ನೊಂದು ಮಾಡಿದ. ಅದೂ ಸಿಡಿಯಿತು.

"ಅಮ್ಮಾ, ತಪ್ಪು ನನ್ನ ಕೈಯದೋ, ಬೆಂಕಿಯದೋ?"

ಹೊಂಬಾಳಮ್ಮ ಒಂದು ಚೂರನ್ನು ಎತ್ತಿ ನೋಡಿದರು. ಇಟ್ಟಿಗೆಯಷ್ಟು ದಪ್ಪವಿತ್ತು.

"ಒಳಗೆ ತೋಡೇ ಇಲ್ಲವಲ್ಲ. ಗಟ್ಟಿ ಮಣ್ಣು ಬೆಂಕಿ ತಡೆಯಲ್ಲ ಅಂತ ನಿನಗೆ ಗೊತ್ತಿಲ್ವಾ?"

"ಗೊತ್ತು." ಅವನು ತಲೆ ತಗ್ಗಿಸಿದ. "ಇವಳು ನಮ್ಮ ಸಾಕಿ. ಒಳಗೆ ಏನೂ ಇಲ್ಲದ ಹಾಗೆ ಮಾಡೋಕೆ ಮನಸ್ಸು ಬರಲಿಲ್ಲ."

ಅವನು ಮೂರನೆಯದನ್ನೂ ಹಾಗೇ ಮಾಡಿದ. ಅದು ಅರೆ ಒಣಗಿದ ದಿನ ಗುರು ತಾವೇ ಬಂದು, ತಂತಿ ಹಿಡಿದು, ನಡುವಿಗೆ ಎರಡಾಗಿ ಕೊಯ್ದರು. ಅವನ ಕೈಗೆ ಒಂದು ಚಮಚ ಕೊಟ್ಟರು.

"ತೋಡು."

ಅವನು ತೋಡಿದ. ಬೆಳಗಿನಿಂದ ಹೊತ್ತಿಳಿಯುವ ತನಕ ತೋಡಿದ. ಕಣ್ಣೊರೆಸಿಕೊಂಡು ಒರೆಸಿಕೊಂಡು ಕೆನ್ನೆಯೆಲ್ಲ ಮಣ್ಣಾಯಿತು. ಆಮೇಲೆ ಕೆಸರು ಸವರಿ ಎರಡನ್ನೂ ಕೂಡಿಸಿದ.

ಈ ಸಲ ಸಾಕಮ್ಮ ಇಡಿಯಾಗಿ ಹೊರಬಂದಳು.

ಅವಳನ್ನು ತನ್ನ ಕೋಣೆಗೆ ಒಯ್ದು ಇಟ್ಟುಕೊಂಡ. ಕೆಲಸ ಮುಗಿಯುತ್ತಲೇ ಒಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಮಾತು ಕೇಳಿಸುತ್ತಿತ್ತು. ಒಂದೇ ದನಿ.

ಒಂದು ದಿನ ಪೇಟೆಯ ಹೆರಿಗೆ ಆಸ್ಪತ್ರೆಯ ತೋಟಕ್ಕೆ ಬೊಂಬೆ ಬೇಕೆಂದು ಗಾಡಿ ಬಂತು. ಹೊಂಬಾಳಮ್ಮ ಅವನ ಬಾಗಿಲು ತಟ್ಟಿದರು.

"ಇವಳನ್ನ ಕೊಡಲ್ಲ ಅಮ್ಮ."

"ಕೊಡು ಅಂತ ನಾನು ಹೇಳಲಿಲ್ಲ. ಒಂದು ಮಾತು ಕೇಳೋಣ ಅಂತ ಬಂದೆ. ಬದುಕಿದ್ದಾಗ ಅವಳು ಎಲ್ಲಿ ಕೂರ್ತಿದ್ದಳು?"

"ಬೇಲಿ ಪಕ್ಕ, ಬಸಳೆ ಚಪ್ಪರದ ಕೆಳಗೆ. ದಾರೀಲಿ ಯಾರು ಹೋದರೂ ಕೂಗಿ ಮಾತಾಡಿಸೋಳು. ಒಳಗೆ ಕೂತರೆ ಉಸಿರು ಕಟ್ಟುತ್ತೆ ಅನ್ನೋಳು..."

ಗೋಡೆಗೆ ಮುಖ ಮಾಡಿ ಕೂತಿದ್ದವಳನ್ನು ಅವನು ಹಿಂತಿರುಗಿ ನೋಡಿದ.

ತಾನೇ ಗಾಡಿಗೆ ಹುಲ್ಲು ಹಾಸಿದ. ತಾನೇ ಎತ್ತಿ ಕೂರಿಸಿದ. "ನೆರಳಿರೋ ಕಡೆ ಇಡಪ್ಪ, ಜನ ಓಡಾಡೋ ಕಡೆ" ಎಂದು ಗಾಡಿಯವನಿಗೆ ಎರಡೆರಡು ಸಲ ಹೇಳಿದ.

ಗಾಡಿ ಮರೆಯಾದ ಮೇಲೂ ದಾರಿಯಲ್ಲೇ ನಿಂತಿದ್ದ. ಬಿಸಿಲು ನೆತ್ತಿಗೇರಿದಾಗ ಗುರುವಿನ ಜಗಲಿಗೆ ಬಂದ. ಹೊಂಬಾಳಮ್ಮ ಮುದ್ದೆ ಮುರಿಯುತ್ತಿದ್ದರು.

"ಹೋದಳು ಅಮ್ಮ. ಕೋಣೆಯೊಳಕ್ಕೆ ಕಾಲಿಡೋಕೆ ಆಗ್ತಿಲ್ಲ. ಈ ಒಂಟಿತನಕ್ಕೆ ನಾನು ಏನು ಮಾಡಲಿ?"

ಹೊಂಬಾಳಮ್ಮ ಪಕ್ಕದ ಮಣೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

"ನಮ್ಮ ಯಜಮಾನರು ಹೋಗಿ ಹನ್ನೆರಡು ವರ್ಷ ಆಯ್ತು ಕಣಪ್ಪ. ಅವತ್ತಿಂದ ಒಬ್ಬಳೇ ಉಣ್ತಿದ್ದೀನಿ. ನಿನ್ನ ತಟ್ಟೆ ತಗೊಂಡು ಬಾ."